ಯಾವ ಸರಕಾರದ ಮಾನ್ಯತೆ?

ನಮ್ಮ ಚಿಕ್ಕೋಡಿ, ಅಥಣಿ ಕಡೆ ಎಂಬತ್ತು ವರ್ಷದ ಹಿಂದೆ ಒಬ್ಬ ವೈದ್ಯರಿಗೆ "ಸರಕಾರದ ಮಾನ್ಯತೆ ಇದೆಯಾ?" ಅಂತ ಕೇಳಿದ್ದರೆ, "ಯಾವ ಸರಕಾರದ್ದು?" ಅಂತ ತಿರುಗಿ ಕೇಳಬೇಕಾಗುತ್ತಿತ್ತು. ತಮಾಷೆಯಲ್ಲ ಕಣ್ರೀ. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದವು. ಪಕ್ಕದ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. 1938ರಲ್ಲಿ ಮುಂಬಯಿ ಸರಕಾರ ದೇಶೀ ಪದ್ಧತಿಯ ವೈದ್ಯರನ್ನು ನೋಂದಾಯಿಸುವ ಕಾಯ್ದೆ ತಂದಾಗ ಅದು ಅಥಣಿಗೆ ತಾಗಿತು, ರಾಯಬಾಗಕ್ಕೆ ತಾಗಲಿಲ್ಲ! ಕೊಲ್ಹಾಪುರ ಮುಂಬಯಿಯಲ್ಲಿ ವಿಲೀನವಾದದ್ದು 1949ರಲ್ಲಿ.

ಈಗ ಕೆ.ಎಲ್.ಇ. ಸಂಸ್ಥೆಯದಾಗಿರುವ ಬೆಳಗಾವಿ ಶಹಾಪುರದ ಆಯುರ್ವೇದ ಕಾಲೇಜು ಕೂಡ 1933ರಷ್ಟು ಹಳೆಯದು. ಅಂದರೆ ಕಾಯ್ದೆಗಿಂತ ಕಲಿಕೆಯೇ ಮೊದಲು ಬಂತು.

ಇನ್ನು ಪ್ರಕೃತಿ ಚಿಕಿತ್ಸೆ. 1946ರಲ್ಲಿ ಗಾಂಧೀಜಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮ ಶುರು ಮಾಡಿದರು. ಆಗ ಅದೂ ನಾವೂ ಒಂದೇ ಪ್ರಾಂತ್ಯದವರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1961ರಲ್ಲಿ ಈ ರಾಜ್ಯದ್ದೇ ನೋಂದಣಿ ಕಾಯ್ದೆ ಆಯಿತು. ಇವತ್ತು ಅದರ ಮಾರುದ್ದದ ಹೆಸರಿನಲ್ಲಿ ಆಯುರ್ವೇದ, ಸಿದ್ಧ, ಯುನಾನಿ, ಯೋಗದ ಜೊತೆ ಪ್ರಕೃತಿ ಚಿಕಿತ್ಸೆಯೂ ಇದೆ. ಆದರೆ ಕೇಂದ್ರದ 1970ರ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1973ರಲ್ಲಿ ಹೋಮಿಯೋಪತಿಗೂ ಪ್ರತ್ಯೇಕ ಮಂಡಳಿ ಆಯಿತು, ಗಾಂಧೀಜಿ ಮೆಚ್ಚಿದ ಪದ್ಧತಿ ಮಾತ್ರ ಹೊರಗೇ ಉಳಿಯಿತು. 2020ರ ಹೊಸ ಕಾಯ್ದೆಯಲ್ಲೂ ಅಷ್ಟೇ. 2003ರಲ್ಲಿ ಇಟ್ಟ 'ಆಯುಷ್' ಎಂಬ ಹೆಸರಿನಲ್ಲೂ ಅದಕ್ಕೆ ಸ್ವಂತ ಅಕ್ಷರವಿಲ್ಲ, ಯೋಗದ ಅಕ್ಷರದಲ್ಲೇ ಬಾಡಿಗೆಗಿದೆ!

ಇದೆಲ್ಲ ಹಳೇ ಕಥೆ ಅಂದುಕೊಂಡಿದ್ದೆ. 2022ರಲ್ಲಿ ಅಥಣಿ ಕಡೆಯ ನಮ್ಮ ಸೋದರಮಾವ ಮೊಣಕಾಲು ನೋವಿಗೆ ಒಂದು ನಿಸರ್ಗೋಪಚಾರ ಕೇಂದ್ರದಲ್ಲಿ ಹನ್ನೆರಡು ದಿನ ಇದ್ದು ಬಂದರು. ಖಾಸಗಿ ವಿಮಾ ಕಂಪನಿಯವರು ಕೇಳಿದ್ದು ನೋವಿನ ಬಗ್ಗೆ ಅಲ್ಲ, ವೈದ್ಯರ ನೋಂದಣಿ ಸಂಖ್ಯೆ. ಕೇಂದ್ರದವರು ಕೊಡಲಿಲ್ಲ, ಕ್ಲೇಮು ಬಿದ್ದುಹೋಯಿತು. ಕಬ್ಬಿನ ಬಿಲ್ಲಿನ ದುಡ್ಡು ಅಲ್ಲಿಗೇ ಮುಗೀತು. ನಮ್ಮ ಪ್ರೋಗ್ರಾಮುಗಳೂ ಹೀಗೇ ತಾನೇ? ಒಂದು ಫೀಲ್ಡ್ ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗಲ್ಲ.

ಹಳೆಯ ಮೆಡಿಕ್ಲೇಮ್ ಪಾಲಿಸಿಗಳಲ್ಲಂತೂ ಪ್ರಕೃತಿ ಚಿಕಿತ್ಸೆಗೆ ದುಡ್ಡಿಲ್ಲ ಅಂತ ನೇರವಾಗಿ ಬರೆದಿರುತ್ತಿತ್ತು. 2013ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಬಾಗಿಲು ಸ್ವಲ್ಪ ತೆರೆಯಿತು. ಸರಕಾರಿ ಆಸ್ಪತ್ರೆಯಲ್ಲೋ ಮಾನ್ಯತೆ ಪಡೆದ ಸಂಸ್ಥೆಯಲ್ಲೋ ಚಿಕಿತ್ಸೆ ಆದರೆ ಕಂಪನಿಗಳು ಕೊಡಬಹುದು ಎಂದಿತು. ಕೊಡ'ಬಹುದು', ಅಷ್ಟೇ. 2024ರ ಏಪ್ರಿಲ್ 1ರಿಂದ ಆಯುಷ್ ಚಿಕಿತ್ಸೆಯನ್ನು ಉಳಿದ ಚಿಕಿತ್ಸೆಗಳ ಸಮಕ್ಕೆ ನೋಡಬೇಕು ಎಂಬ ಆದೇಶವಾಗಿದೆ. ಸಂತೋಷ. ಆದರೆ ನೋಂದಣಿಯ ಪ್ರಶ್ನೆ ಹೋಗಿಲ್ಲ ನೋಡಿ. ನಿಪ್ಪಾಣಿ, ಕಾಗವಾಡದಿಂದ ಗಡಿ ದಾಟಿ ಮಿರಜ, ಕೊಲ್ಹಾಪುರಕ್ಕೆ ಹೋಗುವವರು ಅಡ್ಮಿಟ್ ಆಗೋ ಮೊದಲೇ ವೈದ್ಯರ ನೋಂದಣಿ ಎಲ್ಲಿಯದು, ಒಳರೋಗಿಗಳಿಗೆ ಕನಿಷ್ಠ 5 ಹಾಸಿಗೆ ಇವೆಯಾ ಅಂತ ಕೇಳಿಕೊಳ್ಳಿ.

ಅಂದಹಾಗೆ, ನಿಮ್ಮ ಮನೆಯಲ್ಲಿ ವೈದ್ಯ ಅಜ್ಜಂದಿರ ಮುಂಬಯಿ ಕಾಲದ ನೋಂದಣಿ ಪತ್ರ ಏನಾದರೂ ಉಳಿದಿದ್ದರೆ ಒಂದು ಫೋಟೋ ಹಾಕಿ, ನೋಡುವ ಆಸೆ ಇದೆ.