ಘಟಶ್ರಾದ್ಧ (ಚಲನಚಿತ್ರ)

ಘಟಶ್ರಾದ್ಧ 1977ರ ಕನ್ನಡ ಕಥಾಚಿತ್ರ. ಯು. ಆರ್. ಅನಂತಮೂರ್ತಿಯವರ ಅದೇ ಹೆಸರಿನ ನೀಳ್ಗತೆಯನ್ನು ಆಧರಿಸಿದ ಈ ಚಿತ್ರವನ್ನು ಗಿರೀಶ ಕಾಸರವಳ್ಳಿ ನಿರ್ದೇಶಿಸಿದರು. ಸದಾನಂದ ಸುವರ್ಣ ನಿರ್ಮಿಸಿದರು. ಬಿ. ವಿ. ಕಾರಂತರ ಸಂಗೀತ ಹಾಗೂ ಎಸ್. ರಾಮಚಂದ್ರ ಅವರ ಛಾಯಾಗ್ರಹಣವಿರುವ ಈ ಕಪ್ಪು-ಬಿಳುಪು ಚಿತ್ರವು ಕಾಸರವಳ್ಳಿಯವರ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವಾಗಿದೆ. ಮಲೆನಾಡಿನ ಬ್ರಾಹ್ಮಣ ಅಗ್ರಹಾರವೊಂದರಲ್ಲಿ ಗರ್ಭಿಣಿಯಾದ ತರುಣ ವಿಧವೆಗೆ, ಅವಳು ಬದುಕಿರುವಾಗಲೇ ಸ್ವಂತ ತಂದೆ ಶ್ರಾದ್ಧ ಮಾಡಿ ಸಮಾಜದಿಂದ ಹೊರಹಾಕುವುದು ಚಿತ್ರದ ವಸ್ತು. ಈ ಘಟನೆಗಳನ್ನು ವೇದಪಾಠಶಾಲೆಯ ಬಾಲಕನೊಬ್ಬನ ಕಣ್ಣಿನಿಂದ ನಿರೂಪಿಸಲಾಗಿದೆ. 25ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕಥಾಚಿತ್ರಕ್ಕೆ ನೀಡುವ ಸ್ವರ್ಣಕಮಲವನ್ನು ಪಡೆಯಿತು.

ಶೀರ್ಷಿಕೆಯ ಅರ್ಥ

'ಘಟ' ಎಂದರೆ ಮಡಕೆ. 'ಶ್ರಾದ್ಧ' ಎಂದರೆ ಮೃತರಿಗಾಗಿ ಮಾಡುವ ಕರ್ಮ. ಜಾತಿಯ ಕಟ್ಟಳೆ ಮೀರಿ 'ಪತಿತ'ರಾದರೆಂದು ತೀರ್ಮಾನಿಸಲಾದವರನ್ನು ಕುಲದಿಂದ ಶಾಶ್ವತವಾಗಿ ಬೇರ್ಪಡಿಸಲು ಈ ಕ್ರಿಯೆಯನ್ನು ಮಾಡಲಾಗುತ್ತಿತ್ತು. ಇದಕ್ಕೆ 'ಘಟಸ್ಫೋಟ' ಎಂಬ ಹೆಸರೂ ಇದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದರ ವಿಧಿಯಿದೆ. ಪತಿತನು ಸತ್ತನೆಂದೇ ಭಾವಿಸಿ ಬಂಧುಗಳು ಉದಕಕ್ರಿಯೆ ಮಾಡಬೇಕು. ನೀರು ತುಂಬಿದ ಮಡಕೆಯನ್ನು ದಾಸಿಯೊಬ್ಬಳು ಕಾಲಿನಿಂದ ಉರುಳಿಸಬೇಕು. ಆ ಬಳಿಕ ಪತಿತನೊಡನೆ ಮಾತುಕತೆ, ಜೊತೆಯಲ್ಲಿ ಕುಳಿತುಕೊಳ್ಳುವುದು ಹಾಗೂ ಆಸ್ತಿಯ ಹಂಚಿಕೆ ನಿಷಿದ್ಧ. ಪ್ರಾಯಶ್ಚಿತ್ತ ಮಾಡಿಕೊಂಡವರನ್ನು ಮತ್ತೆ ಕುಲಕ್ಕೆ ಸೇರಿಸಿಕೊಳ್ಳುವ ಅವಕಾಶವನ್ನೂ ಅದೇ ಅಧ್ಯಾಯ ಹೇಳುತ್ತದೆ. ಚಿತ್ರದ ನಾಯಕಿಗೆ ಹಾಗೆ ಹಿಂದಿರುಗುವ ದಾರಿ ಉಳಿಯುವುದಿಲ್ಲ.

ಮೂಲಕಥೆ

ಯು. ಆರ್. ಅನಂತಮೂರ್ತಿ (1932–2014) ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದರು. ನವ್ಯ ಸಾಹಿತ್ಯದ ಪ್ರಮುಖ ಲೇಖಕರಾದ ಅವರಿಗೆ 1994ರಲ್ಲಿ ಜ್ಞಾನಪೀಠ ಪ್ರಶಸ್ತಿ ದೊರೆಯಿತು. 'ಸಂಸ್ಕಾರ' ಕಾದಂಬರಿಯಲ್ಲಿ ಸತ್ತವನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಅಗ್ರಹಾರವನ್ನು ಕಾಡುತ್ತದೆ. 'ಘಟಶ್ರಾದ್ಧ'ದಲ್ಲಿ ಬದುಕಿರುವವಳಿಗೇ ಅಂತ್ಯಕರ್ಮ ನಡೆಯುತ್ತದೆ. ಕರ್ಮ ಮತ್ತು ಕರುಣೆಗಳ ನಡುವಿನ ಬಿರುಕು ಎರಡೂ ಕೃತಿಗಳ ಕೇಂದ್ರದಲ್ಲಿದೆ.

ಕಥಾಸಾರಾಂಶ

ನಾಣಿ ಎಂಬ ಬಾಲಕನನ್ನು ಅವನ ತಂದೆ ವೇದಾಧ್ಯಯನಕ್ಕಾಗಿ ಶೇಷಗಿರಿ ಉಡುಪರ ಪಾಠಶಾಲೆಗೆ ಸೇರಿಸುತ್ತಾನೆ. ಮನೆ ಬಿಟ್ಟು ಬಂದ ಹುಡುಗನಿಗೆ ಹೊಸ ಪರಿಸರ ಭಯ ಹುಟ್ಟಿಸುತ್ತದೆ. ಹಿರಿಯ ವಟುಗಳ ಕೀಟಲೆ ಮತ್ತು ಬೆದರಿಕೆಗಳಿಂದ ಅವನು ನಲುಗುತ್ತಾನೆ. ಉಡುಪರ ಮಗಳು ಯಮುನಾ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದಾಳೆ. ಅವಳು ನಾಣಿಯನ್ನು ತಾಯಿಯಂತೆ, ಅಕ್ಕನಂತೆ ಕಾಣುತ್ತಾಳೆ. ನಾಣಿಗೆ ಯಮುನಕ್ಕನೇ ಆಸರೆ.

ಯಮುನಾ ಊರಿನ ಶಾಲಾ ಶಿಕ್ಷಕನೊಬ್ಬನೊಂದಿಗೆ ಗುಟ್ಟಿನ ಸಂಬಂಧ ಬೆಳೆಸಿ ಗರ್ಭಿಣಿಯಾಗುತ್ತಾಳೆ. ಉಡುಪರು ಊರಿನಲ್ಲಿಲ್ಲದ ದಿನಗಳಲ್ಲಿ ಸುದ್ದಿ ಪಿಸುಮಾತಾಗಿ ಹರಡುತ್ತದೆ. ಹಿರಿಯ ವಿದ್ಯಾರ್ಥಿಗಳು ಅವಳ ಮೇಲೆ ಕಣ್ಣಿಡುತ್ತಾರೆ. ಅಗ್ರಹಾರದವರು ಆ ಮನೆಯಿಂದ ದೂರ ಸರಿಯುತ್ತಾರೆ. ನಡೆಯುತ್ತಿರುವುದೇನೆಂದು ನಾಣಿಗೆ ಪೂರ್ತಿಯಾಗಿ ಅರ್ಥವಾಗದು. ಆದರೂ ಅವನು ಯಮುನಕ್ಕನ ಬೆನ್ನಿಗೇ ಇರುತ್ತಾನೆ. ಅವಳು ಹಾವಿನ ಹುತ್ತದೊಳಗೆ ಕೈಯಿಟ್ಟು ಸಾಯಲು ಯತ್ನಿಸುವುದಕ್ಕೂ ಅವನೇ ಸಾಕ್ಷಿ.

ಕೊನೆಗೆ ಊರ ಹೊರಗೆ, ರಾತ್ರಿಯಲ್ಲಿ, ಗರ್ಭಪಾತಕ್ಕೆ ಏರ್ಪಾಡಾಗುತ್ತದೆ. ಶಿಕ್ಷಕ ಊರು ಬಿಟ್ಟು ಹೋಗುತ್ತಾನೆ. ಸಂಗತಿ ಬಯಲಾದ ಮೇಲೆ ಉಡುಪರು ಅಗ್ರಹಾರದ ಕಟ್ಟಳೆಗೆ ತಲೆಬಾಗಿ ಮಗಳ ಘಟಶ್ರಾದ್ಧ ಮಾಡುತ್ತಾರೆ. ಯಮುನಾಳ ತಲೆ ಬೋಳಿಸಿ ಅವಳನ್ನು ಹೊರಹಾಕಲಾಗುತ್ತದೆ. ಪಾಠಶಾಲೆ ಮುಚ್ಚಿಹೋಗುತ್ತದೆ. ನಾಣಿಯನ್ನು ಕರೆದೊಯ್ಯಲು ಅವನ ತಂದೆ ಬರುತ್ತಾನೆ. ಮಗಳನ್ನು ತ್ಯಜಿಸಿದ ವೃದ್ಧ ಉಡುಪರು ಹದಿಹರೆಯದ ಹುಡುಗಿಯನ್ನು ಮದುವೆಯಾಗಲಿದ್ದಾರೆಂಬ ಮಾತು ಊರು ಬಿಡುವ ಹೊತ್ತಿಗೆ ಕೇಳಿಬರುತ್ತದೆ. ಬೋಳುತಲೆಯ ಯಮುನಾ ಮರದಡಿಯಲ್ಲಿ ಒಂಟಿಯಾಗಿ ಉಳಿಯುತ್ತಾಳೆ.

ಪಾತ್ರವರ್ಗ

• ಮೀನಾ ಕುಟ್ಟಪ್ಪ – ಯಮುನಾ
• ಅಜಿತ್ ಕುಮಾರ್ – ನಾಣಿ
• ರಾಮಸ್ವಾಮಿ ಅಯ್ಯಂಗಾರ್ – ಶೇಷಗಿರಿ ಉಡುಪ
• ನಾರಾಯಣ ಭಟ್ – ಶಾಸ್ತ್ರಿ

ನಿರ್ಮಾಣ

ಗಿರೀಶ ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರೇ. 1950ರಲ್ಲಿ ಕೆಸಲೂರಿನಲ್ಲಿ ಜನಿಸಿದರು. ಔಷಧ ವಿಜ್ಞಾನದಲ್ಲಿ ಪದವಿ ಪಡೆದ ಬಳಿಕ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ನಿರ್ದೇಶನವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವರು ತಯಾರಿಸಿದ 'ಅವಶೇಷ' ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಬಿ. ವಿ. ಕಾರಂತರ 'ಚೋಮನ ದುಡಿ' ಚಿತ್ರಕ್ಕೆ ಸಹಾಯಕ ನಿರ್ದೇಶಕರಾಗಿ ದುಡಿದ ನಂತರ, ಇಪ್ಪತ್ತಾರು-ಇಪ್ಪತ್ತೇಳರ ವಯಸ್ಸಿನಲ್ಲಿ 'ಘಟಶ್ರಾದ್ಧ'ವನ್ನು ನಿರ್ದೇಶಿಸಿದರು.

1970ರ 'ಸಂಸ್ಕಾರ' ಚಿತ್ರದಿಂದ ಮೊದಲುಗೊಂಡು ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ಬರತೊಡಗಿದ್ದವು. ಸಾಹಿತ್ಯಕೃತಿಗಳನ್ನು ಆಧರಿಸುವುದು, ತಾರೆಯರಿಗಿಂತ ಪಾತ್ರಕ್ಕೊಪ್ಪುವ ಕಲಾವಿದರನ್ನು ಆರಿಸುವುದು ಮತ್ತು ಕಡಿಮೆ ವೆಚ್ಚದಲ್ಲಿ ಚಿತ್ರೀಕರಿಸುವುದು ಈ ಚಿತ್ರಗಳ ಸಾಮಾನ್ಯ ಲಕ್ಷಣಗಳು. 'ಘಟಶ್ರಾದ್ಧ' ಈ ಪರಂಪರೆಗೆ ಸೇರಿದೆ.

ವಸ್ತು ಮತ್ತು ನಿರೂಪಣೆ

ತೀರ್ಪು ನೀಡುವ ಹಿರಿಯರ ದೃಷ್ಟಿಯನ್ನು ಬಿಟ್ಟು ಬಾಲಕನ ದೃಷ್ಟಿಯನ್ನು ಆರಿಸಿಕೊಂಡಿರುವುದು ಚಿತ್ರದ ಮುಖ್ಯ ಲಕ್ಷಣ. ಪಾಪ, ಪ್ರಾಯಶ್ಚಿತ್ತ, ಬಹಿಷ್ಕಾರ ಎಂಬ ಮಾತುಗಳ ಭಾರ ನಾಣಿಗೆ ತಿಳಿಯದು. ತನ್ನನ್ನು ಆದರಿಸಿದವಳು ಸಂಕಟದಲ್ಲಿದ್ದಾಳೆ ಎಂಬುದಷ್ಟೇ ಅವನಿಗೆ ಗೊತ್ತು. ಹೀಗಾಗಿ ಅಗ್ರಹಾರದ ನ್ಯಾಯವು ಪ್ರೇಕ್ಷಕನಿಗೆ ಶಾಸ್ತ್ರಚರ್ಚೆಯಾಗಿ ತಲಪುವುದಿಲ್ಲ. ಒಬ್ಬ ವ್ಯಕ್ತಿಯ ಮೇಲೆ ಎರಗುವ ಹಿಂಸೆಯಾಗಿ ಕಾಣಿಸುತ್ತದೆ. ಮಂತ್ರ ಕಲಿಯಲೆಂದು ಬಂದ ಹುಡುಗ ಆ ಮಂತ್ರಗಳ ಹಿಂದಿರುವ ಅಧಿಕಾರವನ್ನು ಕಲಿತು ಹಿಂದಿರುಗುತ್ತಾನೆ. ವಟುಗಳು ಪಾಠದ ಹೊತ್ತಿಗೆ ಶಾಸ್ತ್ರವನ್ನು ಪಠಿಸಿ, ಉಳಿದ ಹೊತ್ತಿನಲ್ಲಿ ದುರ್ಬಲರನ್ನು ಹಿಂಸಿಸುವುದು ಇದಕ್ಕೆ ಪೂರಕವಾಗಿದೆ.

ಚಿತ್ರದ ಎರಡನೆಯ ಮುಖ್ಯ ಎಳೆ ಗಂಡು-ಹೆಣ್ಣಿಗೆ ಅನ್ವಯವಾಗುವ ಎರಡು ಬಗೆಯ ನಿಯಮಗಳದು. ಸಂಗಾತಿಯನ್ನು ಕಳೆದುಕೊಂಡ ತರುಣಿಗೆ ಇನ್ನೊಂದು ಬಾಳಿಲ್ಲ. ಅದೇ ಮನೆಯ ವೃದ್ಧನಿಗೆ ಮರುಮದುವೆ ಧರ್ಮಸಮ್ಮತ. ಯಮುನಾಳಷ್ಟೇ ಹೊಣೆಗಾರನಾದ ಶಿಕ್ಷಕನು ಅಗ್ರಹಾರದ ದಂಡನೆಗೆ ಒಳಗಾಗುವುದಿಲ್ಲ. ಕೊನೆಯಲ್ಲಿ ಕೇಳಿಬರುವ ಮದುವೆಯ ಸುದ್ದಿ ಈ ಅಸಮಾನತೆಯನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಮುಂದಿಡುತ್ತದೆ.

ಉಡುಪರ ಪಾತ್ರವನ್ನು ಕೇವಲ ಕ್ರೂರಿಯಾಗಿ ಚಿತ್ರಿಸಿಲ್ಲ. ಅವರು ಗುರು, ತಂದೆ ಮತ್ತು ಅಗ್ರಹಾರದ ಸದಸ್ಯ. ಮಗಳನ್ನು ಉಳಿಸಿಕೊಂಡರೆ ಉಳಿದೆರಡು ಸ್ಥಾನಗಳನ್ನೂ ಕಳೆದುಕೊಳ್ಳಬೇಕಾಗುತ್ತದೆ. ಬಹಿಷ್ಕಾರದ ಭಯದಿಂದಲೇ ಬಹಿಷ್ಕಾರದ ವ್ಯವಸ್ಥೆ ನಡೆಯುತ್ತದೆ ಎಂಬುದನ್ನು ಅವರ ನಡೆ ತೋರಿಸುತ್ತದೆ.

ಸಾಮಾಜಿಕ ಹಿನ್ನೆಲೆ

ಚಿತ್ರವು ತೋರಿಸುವ ಕಾಲದಲ್ಲಿ ಸಾಂಪ್ರದಾಯಿಕ ಬ್ರಾಹ್ಮಣ ಕುಟುಂಬಗಳ ವಿಧವೆಯರಿಗೆ ಕೇಶಮುಂಡನ, ಬಣ್ಣದ ಸೀರೆ ಹಾಗೂ ಆಭರಣಗಳ ತ್ಯಾಗ, ಒಪ್ಪೊತ್ತಿನ ಊಟ, ಮಂಗಳಕಾರ್ಯಗಳಿಂದ ದೂರವಿರುವುದು ಮುಂತಾದ ಕಟ್ಟಳೆಗಳಿದ್ದವು. ಬಾಲ್ಯವಿವಾಹದ ಕಾರಣದಿಂದ ದಾಂಪತ್ಯವನ್ನೇ ಕಾಣದ ಬಾಲಕಿಯರೂ ವಿಧವೆಯರಾಗುತ್ತಿದ್ದರು. ಈ ಕಟ್ಟಳೆಗಳು ಎಲ್ಲ ಹಿಂದೂ ಸಮುದಾಯಗಳಲ್ಲಿ ಒಂದೇ ರೀತಿ ಇರಲಿಲ್ಲ. ಕಲಬುರಗಿ, ವಿಜಯಪುರ, ಬೆಳಗಾವಿ, ಧಾರವಾಡ ಸೀಮೆಗಳ ಅನೇಕ ಒಕ್ಕಲು ಹಾಗೂ ಕಸುಬಿನ ಸಮುದಾಯಗಳಲ್ಲಿ ವಿಧವೆಯು 'ಉಡಿಕೆ' ಅಥವಾ 'ಕೂಡಿಕೆ' ಎಂಬ ಕ್ರಮದಲ್ಲಿ ಮತ್ತೆ ಸಂಸಾರ ಹೂಡುವುದು ರೂಢಿಯಲ್ಲಿತ್ತು. ಅದಕ್ಕೆ ಮೊದಲ ಮದುವೆಯಷ್ಟು ಮನ್ನಣೆ ಇರದಿದ್ದರೂ ಅದು ಬಹಿಷ್ಕಾರಕ್ಕೆ ಕಾರಣವಾಗುತ್ತಿರಲಿಲ್ಲ. ಹಾಗಾಗಿ ಯಮುನಾಳ ಸ್ಥಿತಿಯನ್ನು ಒಂದು ನಿರ್ದಿಷ್ಟ ಜಾತಿವ್ಯವಸ್ಥೆಯ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಕಾನೂನಿನ ಮಟ್ಟದಲ್ಲಿ ಬದಲಾವಣೆ ಬಹಳ ಹಿಂದೆಯೇ ಆರಂಭವಾಗಿತ್ತು. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆಯು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ವಿಧವೆಯರ ಮದುವೆಯನ್ನು ಸಿಂಧುಗೊಳಿಸಿತು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. 1933ರಲ್ಲಿ ಅದೇ ಸಂಸ್ಥಾನ ಹಿಂದೂ ಸ್ತ್ರೀಯರ ಆಸ್ತಿ ಹಕ್ಕುಗಳ ಕಾಯಿದೆಯನ್ನು ತಂದಿತು. ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಗೆ ಆಸ್ತಿಯ ಮೇಲೆ ಪೂರ್ಣ ಒಡೆತನ ನೀಡಿತು. ಆದರೆ ಕಾನೂನು ಅನುಮತಿಸಿದ್ದನ್ನು ಊರು ಮತ್ತು ಮನೆತನ ಒಪ್ಪಬೇಕೆಂದೇನೂ ಇರಲಿಲ್ಲ. ವಿಧವೆಯ ಅನ್ನ, ವಸತಿಗಳು ಕುಟುಂಬದ ಕೈಯಲ್ಲಿದ್ದಾಗ ಬಹಿಷ್ಕಾರವೆಂದರೆ ಜೀವನಾಧಾರವೇ ತಪ್ಪಿಹೋಗುವುದು ಎಂದರ್ಥ.

ಕನ್ನಡ ಸಾಹಿತ್ಯವೂ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿತ್ತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾಗಿದ್ದು, ತರುಣ ವಿಧವೆಯ ವಿದ್ಯಾಭ್ಯಾಸ ಮತ್ತು ಮರುಮದುವೆ ಅದರ ವಸ್ತು. ಅಲ್ಲಿ ಸುಧಾರಣೆಯ ಭರವಸೆ ಗೆಲ್ಲುತ್ತದೆ. 'ಘಟಶ್ರಾದ್ಧ'ದಲ್ಲಿ ಅಂಥ ಗೆಲುವಿಲ್ಲ.

ಪ್ರಶಸ್ತಿಗಳು

25ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು (1977ರ ಚಿತ್ರಗಳಿಗೆ):
• ಅತ್ಯುತ್ತಮ ಕಥಾಚಿತ್ರ
• ಅತ್ಯುತ್ತಮ ಸಂಗೀತ ನಿರ್ದೇಶನ – ಬಿ. ವಿ. ಕಾರಂತ
• ಅತ್ಯುತ್ತಮ ಬಾಲನಟ – ಅಜಿತ್ ಕುಮಾರ್

ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳು (1977–78):
• ಮೊದಲ ಅತ್ಯುತ್ತಮ ಚಿತ್ರ

ಕಾಸರವಳ್ಳಿಯವರ 'ತಬರನ ಕಥೆ' (1986), 'ತಾಯಿ ಸಾಹೇಬ' (1997) ಮತ್ತು 'ದ್ವೀಪ' (2001) ಚಿತ್ರಗಳಿಗೂ ಮುಂದೆ ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲ ಲಭಿಸಿತು.

ಪುನರುಜ್ಜೀವನ

ಫಿಲ್ಮ್ ಫೌಂಡೇಶನ್ ಸಂಸ್ಥೆಯ ವಿಶ್ವ ಸಿನಿಮಾ ಯೋಜನೆ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಚಿತ್ರದ ಪ್ರತಿಯನ್ನು ಪುನರುಜ್ಜೀವನಗೊಳಿಸಿದವು. ಹೊಸ ಪ್ರತಿ 2024ರಲ್ಲಿ 81ನೆಯ ವೆನಿಸ್ ಚಲನಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು.

ಸಂಬಂಧಿತ ಚಿತ್ರಗಳು

ಅನಂತಮೂರ್ತಿಯವರ ಇದೇ ಕಥೆಯನ್ನು ಆಧರಿಸಿ ಅರುಣ್ ಕೌಲ್ 1991ರಲ್ಲಿ 'ದೀಕ್ಷಾ' ಎಂಬ ಹಿಂದಿ ಚಿತ್ರವನ್ನು ನಿರ್ದೇಶಿಸಿದರು.

ವಿಧವೆಯರ ಬದುಕನ್ನು ಕುರಿತ ಇತರ ಕನ್ನಡ ಚಿತ್ರಗಳಲ್ಲಿ ಎರಡು ಮುಖ್ಯವಾದವು. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ನಿರ್ದೇಶಿಸಿದ 'ವಂಶವೃಕ್ಷ'ದಲ್ಲಿ ಕಾತ್ಯಾಯನಿ ಎಂಬ ವಿಧವೆ ಮರುಮದುವೆಯಾಗುತ್ತಾಳೆ. ಆ ಆಯ್ಕೆಗೆ ಅವಳು ತೆರುವ ಬೆಲೆ ಅಲ್ಲಿನ ಮುಖ್ಯ ಎಳೆಗಳಲ್ಲೊಂದು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತ ನಿರ್ದೇಶಿಸಿದ 'ಫಣಿಯಮ್ಮ' (1983) ಬಾಲವಿಧವೆಯೊಬ್ಬಳ ದೀರ್ಘ ಬದುಕಿನ ಕಥೆ. ತಾನು ಮಡಿಯ ಕಟ್ಟುಪಾಡುಗಳಲ್ಲೇ ಬಾಳಿದರೂ, ಫಣಿಯಮ್ಮ ಕೇಶಮುಂಡನವನ್ನು ಧಿಕ್ಕರಿಸುವ ತರುಣಿಯ ಪರವಾಗಿ ನಿಲ್ಲುತ್ತಾಳೆ.

ಮುಂದಿನ ದಶಕಗಳಲ್ಲಿ ಇದೇ ವಸ್ತುವನ್ನು ಎತ್ತಿಕೊಂಡ ದೀಪಾ ಮೆಹ್ತಾ ಅವರ ಹಿಂದಿ ಚಿತ್ರ 'ವಾಟರ್' (2005) ಅಂತರರಾಷ್ಟ್ರೀಯ ಗಮನ ಸೆಳೆಯಿತು. 1938ರ ವಿಧವಾಶ್ರಮವೊಂದರ ಕಥೆಯಿರುವ ಆ ಚಿತ್ರದ ಚಿತ್ರೀಕರಣ 2000ದಲ್ಲಿ ವಾರಾಣಸಿಯಲ್ಲಿ ಪ್ರತಿಭಟನೆಗಳಿಂದಾಗಿ ನಿಂತುಹೋಯಿತು. ಬಳಿಕ ಶ್ರೀಲಂಕಾದಲ್ಲಿ ಪೂರ್ಣಗೊಂಡಿತು. ಕೆನಡಾ ದೇಶದ ಪ್ರವೇಶವಾಗಿ ಅದು ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 'ವಾಟರ್' ಚಿತ್ರದ ವಿಧವೆಯರನ್ನು ಮನೆಯಿಂದ ದೂರದ ಆಶ್ರಮದಲ್ಲಿ ಇರಿಸಲಾಗಿದೆ. 'ಘಟಶ್ರಾದ್ಧ'ದಲ್ಲಿ ತವರುಮನೆಯೇ ಮೊದಲು ಆಶ್ರಯ ಕೊಟ್ಟು, ನಂತರ ತನ್ನ ಕೈಯಾರೆ ಮಗಳ ಶ್ರಾದ್ಧ ಮಾಡುತ್ತದೆ.