ಹೆರಿಗೆ ರಜೆ: ಗಿರಣಿಯಿಂದ ಕಾಲೇಜಿನ ಸ್ಟಾಫ್ ರೂಮಿನವರೆಗೆ



ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕಿಯರ ಹೆರಿಗೆ ರಜೆ ಮಾತು ಬಂದಾಗೆಲ್ಲ ‘ಅವ್ರು ಪರ್ಮನೆಂಟ್ ಅಲ್ಲಲ್ರೀ, ಹೆಂಗ್ ಕೊಡೋದು’ ಅಂತಾರೆ. ಇದಕ್ಕೆ ಉತ್ತರ ಸುಮಾರು ನೂರು ವರ್ಷ ಹಳೇದು.

1928ರ ಜುಲೈ. ನಮ್ಮ ಚಿಕ್ಕೇರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರು. ಅಂದ್ರೆ ಬಾಬಾಸಾಹೇಬರು ಸದಸ್ಯರಾಗಿದ್ದ ಮುಂಬಯಿ ವಿಧಾನ ಪರಿಷತ್ತೇ ನಮಗೂ ಕಾನೂನು ಮಾಡ್ತಿತ್ತು. ಕಾರ್ಖಾನೆ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅವರು ಎದ್ದು ನಿಂತು ಬೆಂಬಲಿಸಿದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ರಾಷ್ಟ್ರದ ಹಿತ. ಖರ್ಚಿನ ದೊಡ್ಡ ಪಾಲು ಸರ್ಕಾರ ಹೊರಲಿ, ಆದ್ರೆ ಆಕೆಯ ದುಡಿಮೆಯಿಂದ ಲಾಭ ಮಾಡೋ ಮಾಲೀಕನೂ ಹೊರಲಿ. ಇದು ಅವರ ವಾದದ ತಿರುಳು. 1929ರಲ್ಲಿ ಕಾಯ್ದೆ ಆಯ್ತು. 1961ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು, 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡ್ತು.

ಈಗ ಕಾಲೇಜಿಗೆ ಬರೋಣ. 2022ರ ಜನವರಿ ತನಕ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 11 ಸಾವಿರ, ನೆಟ್ ಅಥವಾ ಪಿಎಚ್‌ಡಿ ಇದ್ರೆ 13 ಸಾವಿರ. ಮುಷ್ಕರ ಹೂಡಿದ ಮೇಲೆ 26ರಿಂದ 32 ಸಾವಿರದವರೆಗೆ ಏರಿತು. (ಜೊತೆಗೆ ವಾರದ ಪಾಠವೂ 15 ಗಂಟೆಗೆ ಏರಿ ಎಷ್ಟೋ ಜನರ ಜಾಗವೇ ಹೋಯ್ತು, ಅದು ಬೇರೆ ಕಥೆ.) ಆಗ ಐದು ವರ್ಷ ಸೇವೆ ಆದೋರಿಗೆ 2 ಸಾವಿರ ಜಾಸ್ತಿ ಇತ್ತು. ಹೆಣ್ಣುಮಕ್ಕಳಿಗೆ ಪೆಟ್ಟು ಬೀಳೋದು ಈ ಸೇವೆಯ ಲೆಕ್ಕದಾಗೇ ನೋಡ್ರಿ. ಎಂಎ, ಪಿಎಚ್‌ಡಿ ಮುಗಿಸಿ ಪಾಠಕ್ಕೆ ನಿಲ್ಲೋ ವಯಸ್ಸೂ ಹೆರೋ ವಯಸ್ಸೂ ಒಂದೇ. ನಾನು ಗುಮಾಸ್ತ, ಬಿಲ್ಲು ನೋಡಿದೋನು. ಹಾಜರಿ ಇಲ್ಲದ ದಿನಕ್ಕೆ ದುಡ್ಡಿಲ್ಲ ಅನ್ನೋದಷ್ಟೇ ಆಗ ಬಿಲ್ಲಿಗೆ ಗೊತ್ತಿತ್ತು. ಕೇರಿಯಿಂದ ಮೊದಲ ಸಲ ಎಂಎ ಮುಟ್ಟಿದ ಹುಡುಗಿಗೆ ಹಿಂದೆ ಹೊಲ ಇಲ್ಲ, ಮನಿ ಇಲ್ಲ. ಬಾಣಂತನ ಮುಗಿಯೋ ಮೊದಲೇ ಆಕೆ ಕ್ಲಾಸಿಗೆ ಓಡಿ ಬರ್ತಾಳೆ.

2000ದ ಮಾರ್ಚ್ 8ರಂದು ದಿಲ್ಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಹೆಣ್ಣಾಳುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಕೊಡಿಸ್ತು. 2023ರ ಆಗಸ್ಟಿನಲ್ಲಿ ಗುತ್ತಿಗೆ ವೈದ್ಯೆ ಡಾ. ಕವಿತಾ ಯಾದವ್ ಪ್ರಕರಣದಲ್ಲಿ, ಗುತ್ತಿಗೆ ಮುಗಿದರೂ ಈ ಸೌಲಭ್ಯ ಮುಗಿಯಲ್ಲ ಅಂತ ಹೇಳ್ತು. ರಸ್ತೆ ಕೆಲಸದ ಕೂಲಿ ಹೆಣ್ಣುಮಕ್ಕಳು ಮೊದಲು ಗೆದ್ದದ್ದು, ಡಿಗ್ರಿ ಇದ್ದೋರು ಆಮೇಲೆ!

ಅಕ್ಕ-ತಂಗಿಯರೇ, ಬಾಯಿಮಾತಲ್ಲಿ ರಜೆ ಕೇಳಬ್ಯಾಡ್ರಿ. ಈ ಎರಡೂ ತೀರ್ಪು ಹೆಸರಿಸಿ ಅರ್ಜಿ ಬರೀರಿ. ಟಪಾಲಿಗೆ ಕೊಟ್ಟು ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ರಿ. ಕೊಡಲ್ಲ ಅಂದ್ರೆ ಅದನ್ನೂ ಬರೆದೇ ಕೊಡ್ರಿ ಅನ್ರಿ.