ಆದಿಕಾಂಡವನ್ನು ಬಿಡಿಸಿ ನೋಡಿದ ವೈದ್ಯ

ಕ್ರಿ.ಶ. 1753ರಲ್ಲಿ ಬೈಬಲಿನ ಆದಿಕಾಂಡವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಹೊರಬಿದ್ದಿತು. ಬರೆದವರ ಹೆಸರು ಅದರಲ್ಲಿರಲಿಲ್ಲ. ಅಚ್ಚಾದ ಊರು ಬ್ರಸೆಲ್ಸ್ ಎಂದು ಮುಖಪುಟ ಹೇಳುತ್ತಿತ್ತು. ವಾಸ್ತವವಾಗಿ ಅದು ಅಚ್ಚಾದದ್ದು ಪ್ಯಾರಿಸಿನಲ್ಲಿ. ಹೀಗೆ ಮರೆಯಲ್ಲಿ ನಿಂತವರು ಝಾನ್ ಆಸ್ತ್ರುಕ್ ಎಂಬ 69 ವರ್ಷದ ವೈದ್ಯರು. ಹದಿನೈದನೆಯ ಲೂಯಿ ದೊರೆಯ ವೈದ್ಯರಲ್ಲಿ ಅವರೂ ಒಬ್ಬರು. ಗುಹ್ಯರೋಗಗಳನ್ನು ಕುರಿತು 1736ರಲ್ಲಿ ಬರೆದ ಲ್ಯಾಟಿನ್ ಗ್ರಂಥದಿಂದ ಹೆಸರಾದವರು. ಬೈಬಲಿನ ಶಾಸ್ತ್ರೀಯ ವ್ಯಾಸಂಗಕ್ಕೆ ಹೊಸದಾಗಿ ಕೈಹಾಕುವವರು ಈ ವೈದ್ಯರಿಂದ ಹೊರಟರೆ ದಾರಿ ಸುಗಮವೆಂದು ನನ್ನ ಎಣಿಕೆ.

ಬೈಬಲಿನ ಮೊದಲ ಐದು ಕಾಂಡಗಳನ್ನು ಬರೆದವನು ಮೋಶೆ ಎಂಬುದು ಯೆಹೂದ್ಯರಲ್ಲಿಯೂ ಕ್ರೈಸ್ತರಲ್ಲಿಯೂ ಪರಂಪರೆಯಿಂದ ಬಂದ ನಂಬಿಕೆ. ಆದರೆ ಐದನೆಯದಾದ ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆಯ ಮರಣದ ವೃತ್ತಾಂತವೇ ಇದೆ. ಆತನ ಸಮಾಧಿ ಎಲ್ಲಿದೆಯೆಂಬುದು ಇಂದಿಗೂ ಯಾರಿಗೂ ತಿಳಿಯದೆಂಬ ಮಾತೂ ಇದೆ. ತನ್ನ ಸಾವನ್ನು ತಾನೇ ಬರೆದಿಡುವುದೆಂತು? ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಇಬ್ನ್ ಎಜ್ರಾ ಇಂಥ ಕಡೆಗಳಲ್ಲಿ ಒಗಟಿನಂತೆ ನುಡಿದು ಸುಮ್ಮನಾದನು. ಸ್ಪಿನೋಜಾ 1670ರಲ್ಲಿ ಆ ಒಗಟನ್ನು ಒಡೆದು, ಇವು ಮೋಶೆ ಬರೆದವಲ್ಲ ಎಂದು ಬಾಯಿಬಿಟ್ಟು ಹೇಳಿದನು. ಆಸ್ತ್ರುಕ್ ಲೇಖನಿ ಹಿಡಿದದ್ದು ಇಂಥ ಸಂದೇಹಗಳಿಗೆ ಉತ್ತರ ಕೊಟ್ಟು ಮೋಶೆಯ ಕರ್ತೃತ್ವವನ್ನು ಉಳಿಸಲೆಂದೇ. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಅವರ ತರ್ಕ ಸರಳವಾದುದು. ಆದಿಕಾಂಡದ ಸಂಗತಿಗಳೆಲ್ಲ ಮೋಶೆ ಹುಟ್ಟುವುದಕ್ಕೆ ಎಷ್ಟೋ ಹಿಂದಿನವು. ಆದುದರಿಂದ ಅವನ ಮುಂದೆ ಹಳೆಯ ಬರಹಗಳು ಇದ್ದಿರಬೇಕು. ಅವುಗಳನ್ನು ಬೇರ್ಪಡಿಸಲು ಗುರುತೇನು? ಮೂಲ ಹೀಬ್ರೂವಿನಲ್ಲಿ ದೇವರನ್ನು ಕೆಲವು ಕಡೆ ಎಲೋಹಿಮ್ ಎಂದೂ ಕೆಲವು ಕಡೆ ಯೆಹೋವ ಎಂದೂ ಕರೆದಿದೆ. ಆಸ್ತ್ರುಕ್ ಮುಖ್ಯವಾಗಿ ಈ ಹೆಸರುಗಳನ್ನು ಹಿಡಿದು ಇಡೀ ಆದಿಕಾಂಡವನ್ನು ನಾಲ್ಕು ಸಾಲುಗಳಲ್ಲಿ ಬಿಡಿಸಿ ಅಚ್ಚು ಮಾಡಿಸಿದರು. ಮೊದಲೆರಡು ಸಾಲುಗಳೇ ದೊಡ್ಡವು; ಎರಡರಲ್ಲಿಯೂ ಕಥೆ ಬಹುಮಟ್ಟಿಗೆ ತಡೆಯಿಲ್ಲದೆ ಸಾಗುತ್ತಿತ್ತು.

ಇದನ್ನು ಪರೀಕ್ಷಿಸಲು ಹೀಬ್ರೂ ಕಲಿಯಬೇಕಾಗಿಲ್ಲ. ಬೈಬಲ್ ಸೊಸೈಟಿಯ ಹಳೆಯ ಕನ್ನಡ ಭಾಷಾಂತರದಲ್ಲಿಯೇ ಈ ಭೇದ ಉಳಿದಿದೆ. ಮೊದಲ ಅಧ್ಯಾಯದಲ್ಲಿ ಸೃಷ್ಟಿಸುವವನು ‘ದೇವರು’. ಗಿಡಮರ, ಪ್ರಾಣಿಗಳಾದ ಮೇಲೆ ಕಡೆಯಲ್ಲಿ ಗಂಡೂ ಹೆಣ್ಣೂ ಒಟ್ಟಿಗೆ ಹುಟ್ಟುತ್ತಾರೆ. ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ ‘ಯೆಹೋವದೇವರು’ ಬರುತ್ತಾನೆ, ಕ್ರಮವೂ ಬದಲಾಗುತ್ತದೆ. ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕಟ್ಟಕಡೆಗೆ ಹೆಣ್ಣು.

ನೋಹನ ಜಲಪ್ರಳಯದಲ್ಲಿ ಎರಡು ಎಳೆಗಳು ಜಡೆಯಂತೆ ಹೆಣೆದುಕೊಂಡಿವೆ. ಪ್ರತಿಯೊಂದು ಜಾತಿಯಿಂದ ಎರಡೆರಡನ್ನು ನಾವೆಗೆ ಸೇರಿಸಿಕೊಳ್ಳಬೇಕೆಂದು ಆರನೆಯ ಅಧ್ಯಾಯದಲ್ಲಿ ದೇವರ ಅಪ್ಪಣೆ. ಏಳನೆಯದರಲ್ಲಿ ಯೆಹೋವನು ಶುದ್ಧ ಪ್ರಾಣಿಗಳು ಏಳೇಳು ಇರಲಿ ಎನ್ನುತ್ತಾನೆ. ಒಂದು ಎಳೆಯಲ್ಲಿ ಮಳೆ 40 ದಿನ. ಇನ್ನೊಂದರಲ್ಲಿ ನೀರಿನ ಅಬ್ಬರ 150 ದಿನ. ಪ್ರಳಯ ಇಳಿದ ಮೇಲೆ ನೋಹನು ಶುದ್ಧ ಪ್ರಾಣಿಗಳನ್ನು ಯೆಹೋವನಿಗೆ ಬಲಿ ಕೊಡುತ್ತಾನೆ. ಎರಡೆರಡೇ ಇದ್ದಿದ್ದರೆ ಆ ಜಾತಿಗಳು ಅಂದಿಗೇ ನಿರ್ವಂಶವಾಗುತ್ತಿದ್ದವು! ಏಳೇಳು ಎಂದ ಎಳೆಯಲ್ಲಿಯೇ ಬಲಿಯ ಪ್ರಸಂಗವೂ ಬರುತ್ತದೆಂಬುದು ಈ ವಿಂಗಡಣೆಗೆ ದೊಡ್ಡ ಬೆಂಬಲ.

ಮೋಶೆಯನ್ನು ಉಳಿಸಲು ಹೊರಟ ಉಪಾಯ ಮುಂದಿನವರ ಕೈಯಲ್ಲಿ ಬೇರೆಯೇ ಆಯಿತು. ಎಳೆಗಳನ್ನು ಬಿಡಿಸಿದ ಮೇಲೆ ಒಂದೊಂದರ ಕಾಲವನ್ನೂ ಕೇಳಬೇಕಷ್ಟೆ. ಜರ್ಮನಿಯ ಡಿ ವೆಟ್ಟೆ 1805ರಲ್ಲಿ ಒಂದು ಮುಖ್ಯವಾದ ಸುಳಿವನ್ನು ಹಿಡಿದರು. ಯೆರೂಸಲೇಮಿನ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತೆಂದೂ, ಯೋಷೀಯ ರಾಜನು ಅದನ್ನು ಕೇಳಿ ಬಟ್ಟೆ ಹರಿದುಕೊಂಡು ನಾಡಿನ ಇತರ ಪೂಜಾಸ್ಥಳಗಳನ್ನೆಲ್ಲ ಕೆಡವಿಸಿದನೆಂದೂ ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಅದು ಕ್ರಿ.ಪೂ. 622ರ ಸುಮಾರಿನ ಮಾತು. ಒಂದೇ ಸ್ಥಳದಲ್ಲಿ ಬಲಿ ನಡೆಯಬೇಕೆಂಬ ಕಟ್ಟಳೆ ಧರ್ಮೋಪದೇಶಕಾಂಡದ್ದು. ಹಾಗಾದರೆ ಅದು ಮೋಶೆಯ ಕಾಲದ್ದಲ್ಲ, ಅರಸರ ಕಾಲದ್ದು. ಯೂಲಿಯುಸ್ ವೆಲ್‌ಹೌಸನ್ 1878ರಲ್ಲಿ ಈ ಮೊಳೆಗೆ ಉಳಿದ ಎಳೆಗಳನ್ನೂ ತೂಗುಹಾಕಿದರು: ಎಲ್ಲೆಂದರಲ್ಲಿ ಬಲಿಪೀಠ ಕಟ್ಟುವ ಕಥೆಗಳು ಅದಕ್ಕೂ ಹಿಂದಿನವು, ಪುರೋಹಿತರ ವಿಸ್ತಾರವಾದ ವಿಧಿಗಳು ಅದಕ್ಕೂ ಈಚಿನವು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸ್ಕಾಟ್ಲೆಂಡಿನ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಬ್ರಿಟಾನಿಕಾ ವಿಶ್ವಕೋಶಕ್ಕೆ ‘ಬೈಬಲ್’ ಎಂಬ ಲೇಖನ ಬರೆದು, ವರ್ಷಗಟ್ಟಲೆ ವಿಚಾರಣೆಗೆ ಗುರಿಯಾಗಿ, 1881ರಲ್ಲಿ ಅಬರ್ಡೀನಿನ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡರು. ಅವರು ಅಶ್ರದ್ಧರಾಗಿರಲಿಲ್ಲ. ವೆಲ್‌ಹೌಸನ್ನರನ್ನಂತೂ ಯಾರೂ ಹೊರದೂಡಲಿಲ್ಲ. ತಮ್ಮ ಪಾಠ ಕೇಳಿದ ವಿದ್ಯಾರ್ಥಿಗಳು ಚರ್ಚಿನ ಸೇವೆಗೆ ಅನರ್ಹರಾಗುತ್ತಿದ್ದಾರೆ, ಇದು ಮನಸ್ಸನ್ನು ಕೊರೆಯುತ್ತಿದೆ ಎಂದು ಮಂತ್ರಿಗೆ ಬರೆದು, 1882ರಲ್ಲಿ ಗ್ರೈಫ್ಸ್‌ವಾಲ್ಡಿನ ದೇವಶಾಸ್ತ್ರದ ಹುದ್ದೆಯನ್ನು ತಾವಾಗಿಯೇ ಬಿಟ್ಟು, ಬೇರೊಂದು ವಿಶ್ವವಿದ್ಯಾಲಯದಲ್ಲಿ ಕೆಳಗಿನ ದರ್ಜೆಯ ಭಾಷಾಶಾಸ್ತ್ರದ ಕೆಲಸಕ್ಕೆ ಹೋದರು. ಅವರ ಸಿದ್ಧಾಂತಕ್ಕಿಂತಲೂ ಈ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ವೆಲ್‌ಹೌಸನ್ನರ ವ್ಯವಸ್ಥೆಯನ್ನು ಇಂದಿನ ವಿದ್ವಾಂಸರು ಯಥಾವತ್ತಾಗಿ ಒಪ್ಪುವುದಿಲ್ಲ. ಎಳೆಗಳೆಷ್ಟು, ಅವು ಅಖಂಡವಾದ ಗ್ರಂಥಗಳೇ ಅಥವಾ ಮೇಲಿಂದ ಮೇಲೆ ಸೇರಿದ ತುಣುಕುಗಳೇ ಎಂಬ ಜಗಳ ಮುಗಿದಿಲ್ಲ. ಮೃತಸಮುದ್ರದ ಬಳಿಯ ಗುಹೆಗಳಲ್ಲಿ 1947ರಿಂದೀಚೆಗೆ ದೊರೆತ ಸುರುಳಿಗಳು ಅಲ್ಲಿಯವರೆಗಿನ ಮುಖ್ಯ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯವು. ಅವೂ ಈ ಎಳೆಗಳು ಹೆಣೆದುಕೊಂಡ ಎಷ್ಟೋ ಕಾಲದ ಮೇಲಿನವೇ.

ಹೊಸಬರು ಈ ಜಗಳಕ್ಕೆ ಒಮ್ಮೆಲೇ ಇಳಿಯಬೇಕಾಗಿಲ್ಲ. ಆದಿಕಾಂಡದ 6ರಿಂದ 8ರವರೆಗಿನ ಅಧ್ಯಾಯಗಳನ್ನು ತೆರೆದು, ಎರಡು ಬಣ್ಣದ ಪೆನ್ಸಿಲು ಹಿಡಿದು ಕುಳಿತರೆ ಒಂದು ಸಂಜೆ ಸಾಕು. ಏಳನೆಯ ಅಧ್ಯಾಯದ 16ನೆಯ ವಚನಕ್ಕೆ ಬಂದಾಗ, ದೇವರು ಅಪ್ಪಣೆ ಕೊಡುವುದನ್ನೂ ಯೆಹೋವನು ನಾವೆಯ ಬಾಗಿಲು ಮುಚ್ಚುವುದನ್ನೂ ಕಂಡು, ಒಂದೇ ವಚನಕ್ಕೆ ಎರಡು ಬಣ್ಣವೂ ಬೇಕಾಗುತ್ತದೆ. ಎಂಟನೆಯದರಲ್ಲಿ ನೋಹನು ಪಾರಿವಾಳಕ್ಕೆ ಮೊದಲು ಹಾರಿಬಿಡುವ ಕಾಗೆಯ ಹತ್ತಿರ ಕೈ ತಡೆದರೆ ಅಂಜಬೇಕಾಗಿಲ್ಲ. ಅದು ಯಾವ ಎಳೆಯದೆಂಬುದರಲ್ಲಿ ಪಂಡಿತರಲ್ಲಿಯೂ ಒಮ್ಮತವಿಲ್ಲ.